ಅಣ್ಣ ಬಿಟ್ಟುಕೊಟ್ಟ ಮೊದಲ ಕೂಗು

ನಮ್ಮ ಅಣ್ಣನ ಕಬಡ್ಡಿ ತಂಡ ಸೋಲುವುದರಲ್ಲಿ ಎತ್ತಿದ ಕೈ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಒಂದಷ್ಟು ಹಳ್ಳಿ ತಂಡಗಳು ಸೇರಿ ಪ್ರತಿವರ್ಷ ತೊಗರಿ ರಾಶಿ ಮುಗಿದ ಮೇಲೆ ಪಂದ್ಯ ಆಡುತ್ತಿದ್ದವು. ಎಂಬತ್ತರ ದಶಕದ ಮಾತಿದು. ಸರಸಂಬಾದಿಂದ ಅಣ್ಣನ ತಂಡ ಹಲಗೆ ಬಾರಿಸಿಕೊಂಡು ಬರುತ್ತಿತ್ತು, ಮೊದಲ ಪಂದ್ಯದಲ್ಲೇ ಮಣ್ಣು ಮುಕ್ಕುತ್ತಿತ್ತು, ಆಟಗಾರರಿಗೆಂದು ಹಂಚುವ ಬಾಳೆಹಣ್ಣು ತಿಂದು ಮಧ್ಯಾಹ್ನದ ಬಸ್ಸಿಗೆ ವಾಪಸಾಗುತ್ತಿತ್ತು. ಮಂದಿ ಅದಕ್ಕೆ ‘ಬಾಳೆಹಣ್ಣಿನ ತಂಡ’ ಎಂದೇ ಹೆಸರಿಟ್ಟಿದ್ದರು. ಆ ಹೆಸರು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಜೇವರ್ಗಿಯ ಚಹಾದಂಗಡಿಯಲ್ಲಿ ಹಾಗೆ ಅಂದವನೊಬ್ಬನ ಅಂಗಿ ಹಿಡಿದು ಜಗ್ಗಾಡಿಬಿಟ್ಟಿದ್ದೆ. ಅವನು ಬಿಡಿಸಿಕೊಂಡು, "ನಿನಗ್ಯಾಕಲೇ ಇಷ್ಟು ಸಿಟ್ಟು? ನೀ ಏನು ಆ ಊರಾಂವೇನು?" ಎಂದು ಕೇಳಿದ. ಅಂಗಿ ಬಿಟ್ಟು ಹೊರಗೆ ಬಂದೆ. ಏನೆಂದು ಉತ್ತರ ಕೊಡಲಿ? ನಾನು ಆ ಊರಿನವನೂ ಹೌದು, ಅಲ್ಲದವನೂ ಹೌದು.

ನಾನು ಹುಟ್ಟಿದ್ದು ಸರಸಂಬಾದಲ್ಲಿ, ಬೆಳೆದದ್ದು ಜೇವರ್ಗಿ ತಾಲ್ಲೂಕಿನ ನೆಲೋಗಿಯಲ್ಲಿ. ಅವ್ವನ ತಂಗಿಗೆ, ಅಂದರೆ ನಮ್ಮ ಚಿಗವ್ವನಿಗೆ, ಮಕ್ಕಳಾಗಲಿಲ್ಲ. ಅವ್ವನಿಗೆ ಇಬ್ಬರು ಗಂಡುಮಕ್ಕಳಿದ್ದೆವು. ಒಂದು ಮನೆಯಲ್ಲಿ ಎರಡು, ಇನ್ನೊಂದು ಮನೆಯಲ್ಲಿ ಇಲ್ಲ. ಹಿರಿಯರು ಕೂತು ಫೈಸಲಾ ಮಾಡಿದರು. ನಾನಿನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ, ಹೊಸ ಅಂಗಿ ತೊಡಿಸಿ, ಕೈಗೆ ಉಂಡಿ ಕೊಟ್ಟು ಬಸ್ಸು ಹತ್ತಿಸಿದರು. ನಾನು ಖುಷಿಯಿಂದಲೇ ಹೋದೆ. ಬಸ್ಸು ಹತ್ತುವುದೆಂದರೆ ಆಗ ನನಗೆ ಜೀವ.

ನೆಲೋಗಿಗೆ ಬಂದ ಮೇಲೆ ಸಂಬಂಧಗಳನ್ನೆಲ್ಲ ನನಗೆ ಹೊಸದಾಗಿ ಕಲಿಸಿದರು. ಚಿಗವ್ವ ಇನ್ನು ಮುಂದೆ ಅವ್ವ. ಕಾಕಾ ಇನ್ನು ಮುಂದೆ ಅಪ್ಪ. ಹೆತ್ತವಳು ದೊಡ್ಡವ್ವ, ಹುಟ್ಟಿಸಿದವನು ದೊಡ್ಡಪ್ಪ. ತಪ್ಪಿ ಹಳೆಯ ಹಾಗೆ ಕರೆದರೆ ಯಾರೂ ಹೊಡೆಯುತ್ತಿರಲಿಲ್ಲ, ಆದರೆ ಚಿಗವ್ವನ ಮೋರೆ ಸಣ್ಣದಾಗುತ್ತಿತ್ತು. ಅದನ್ನು ನೋಡಲಾರದೆ ಬೇಗ ಕಲಿತುಬಿಟ್ಟೆ. ಎಲ್ಲರೂ ಬದಲಾದರು, ಅಣ್ಣ ಮಾತ್ರ ಅಣ್ಣನಾಗಿಯೇ ಉಳಿದ. ದೊಡ್ಡವ್ವನ ಮಗನೂ ಅಣ್ಣನೇ ತಾನೆ. ಈ ಒಂದು ಶಬ್ದವನ್ನು ಯಾರೂ ನನ್ನಿಂದ ತೆಗೆದುಕೊಳ್ಳಲಿಲ್ಲ ಎಂಬ ಕಾರಣಕ್ಕೇ ಇರಬೇಕು, ಅವನ ಮೇಲೆ ನನಗೆ ವಿಪರೀತ ಹಟ. ಅವನು ನನ್ನವನು ಎಂಬ ಹಟ.

ಬೇಸಿಗೆ ರಜೆಯಲ್ಲಿ ಸರಸಂಬಾಕ್ಕೆ ಹೋದರೆ ಅಣ್ಣ ದೊಡ್ಡ ಹುಡುಗರ ಜೊತೆ ಕಣದಲ್ಲಿ ಆಡುತ್ತಿದ್ದ. ನಾನು ನಡುಗೆರೆಯ ಹತ್ತಿರ ನಿಂತು ಗೋಗರೆಯುತ್ತಿದ್ದೆ. "ದೊಡ್ಡಾಂವ ಆಗೋ ತಮ್ಮಾ, ಆಮ್ಯಾಲೆ ನಮ್ಮ ಕಡಿ ತಗೋತೇನಿ" ಅನ್ನುತ್ತಿದ್ದ. ನಾನು ದೊಡ್ಡವನಾದೆ. ಮೈ ತೆಳ್ಳಗಿತ್ತು, ಕಾಲು ಚುರುಕಿದ್ದವು, ಉಸಿರು ಉದ್ದ. ಎದುರು ಪಾಳಯಕ್ಕೆ ನುಗ್ಗಿ ಮುಟ್ಟಿ ಬರುವುದು ನನಗೆ ನೀರು ಕುಡಿದಷ್ಟು ಸಲೀಸು. ಜಂಬ ಅನ್ನಿಸಿದರೆ ಅನ್ನಿಸಲಿ, ಆ ಮೂರು ತಾಲ್ಲೂಕುಗಳಲ್ಲಿ ನನ್ನ ಹಾಗೆ ಮುಟ್ಟಿ ಬರುವವರು ಬಹಳ ಮಂದಿ ಇರಲಿಲ್ಲ.

ಆದರೆ ನೆಲೋಗಿಯಲ್ಲಿ ಆಗ ತಂಡ ಇರಲಿಲ್ಲ. ಏಳು ಮಂದಿ ಕೂಡಿದರೆ ಒಬ್ಬನಿಗೆ ಲಗ್ನ, ಇನ್ನೊಬ್ಬನಿಗೆ ಪುಣೆಯಲ್ಲಿ ಕೆಲಸ. ನನ್ನಂಥ ಆಟಗಾರರಿಗೆ ‘ಬಿಡಿ ಆಳು’ ಅನ್ನುತ್ತಿದ್ದರು. ತಂಡವಿಲ್ಲದ ಊರಿನ ಬಿಡಿ ಆಳುಗಳೆಲ್ಲ ಪಂದ್ಯಕ್ಕೆ ಮೊದಲು ಒಂದು ದಿನ ಜೇವರ್ಗಿಯಲ್ಲಿ ಸೇರಬೇಕು. ತಂಡದ ಮುಖಂಡರು ಬಂದು ಒಬ್ಬೊಬ್ಬರನ್ನು ಆರಿಸಿಕೊಳ್ಳಬೇಕು. ಒಂದು ತಂಡಕ್ಕೆ ಒಂದೇ ಕೂಗು, ಅಂದರೆ ಒಬ್ಬನನ್ನು ಕರೆಯುವ ಹಕ್ಕು. ಹೋದ ವರ್ಷ ಎಲ್ಲರಿಗಿಂತ ಹೀನಾಯವಾಗಿ ಸೋತವರಿಗೆ ಮೊದಲ ಕೂಗು, ಗೆದ್ದವರಿಗೆ ಕೊನೆಯ ಕೂಗು. ಸೋತವರೂ ಒಂದು ದಿನ ತಲೆ ಎತ್ತಲಿ ಎಂದು ಹಿರಿಯರು ಮಾಡಿದ ಏರ್ಪಾಡು. ಕರೆದವನು ತನ್ನ ಹೆಗಲ ವಸ್ತ್ರ, ಅಂದರೆ ವಲ್ಲಿ, ತೆಗೆದು ಬಿಡಿ ಆಳಿನ ಹೆಗಲಿಗೆ ಹಾಕಿದನೆಂದರೆ ಮುಗಿಯಿತು, ಆ ವರ್ಷ ಅವನು ಆ ಊರಿನವನು.

ಬಿಡಿ ಆಳಾಗಿ ನಾನು ಕೂತ ಮೊದಲ ವರ್ಷ ಅದು. ಬಾಳೆಹಣ್ಣಿನ ತಂಡಕ್ಕೆ ಎಂದಿನಂತೆ ಮೊದಲ ಕೂಗು. ಅದರ ಮುಖಂಡ ನಮ್ಮಣ್ಣ. ಇನ್ನೇನು ಬೇಕು? ಎಷ್ಟೋ ವರ್ಷದ ಮೇಲೆ ನಾನು ಹುಟ್ಟಿದ ಊರಿಗೆ ಆಡುವವನಿದ್ದೆ, ಅಣ್ಣನ ಕೈ ಹಿಡಿದು ಒಂದೇ ಅಂಕಣದಲ್ಲಿ ನಿಲ್ಲುವವನಿದ್ದೆ. ನನಗೆ ಗೆಲುವು ಬೇಕಿರಲಿಲ್ಲ. ಅಣ್ಣನ ವಲ್ಲಿ ಬೇಕಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳುವುದೇನು, ಎಲ್ಲರಿಗೂ ಗೊತ್ತೇ ಇದೆ ಅಂದುಕೊಂಡಿದ್ದೆ.

ಆಯ್ಕೆಯ ಹಿಂದಿನ ವಾರ ಅಣ್ಣ ನೆಲೋಗಿಗೆ ಬಂದ. ಅವನು ಸುಮ್ಮಸುಮ್ಮನೆ ಬರುವವನಲ್ಲ. ಚಿಗವ್ವ ಬಿಸಿ ರೊಟ್ಟಿ, ಪುಂಡಿಪಲ್ಲೆ, ಬೆಳ್ಳುಳ್ಳಿ ಹಿಂಡಿ ಹಾಕಿ ಉಣ್ಣಿಸಿದಳು. ಉಂಡ ಮೇಲೆ ನನ್ನನ್ನು ಊರ ಹುಡುಗರ ಜೊತೆ ಆಡಲು ಹಚ್ಚಿ, ತಾನು ಒಂದು ಕಲ್ಲಿನ ಮೇಲೆ ಕೂತು ನೋಡಿದ. ಮುಗಿದ ಮೇಲೆ, "ಚಂದ ಆಡ್ತಿ" ಅಂದ. ಅವನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ನನಗೆ ನೆಲ ಕಾಣಲಿಲ್ಲ.

ಹೊರಡುವಾಗ ಕೇಳಿದ, "ಅಫಜಲಪುರ ಕಡಿಯವರು ಇಬ್ಬರು ಅಣ್ಣತಮ್ಮಂದಿರು ಬರ್ತಾರಂತಲ್ಲ, ಹರಿಗೋಲು ಹಾಕವ್ರು, ನೀ ಅವರ ಕೂಡ ಆಡೀಯೇನು?"

"ಆಡೇನಿ. ಹಿಡಿದ್ರಂದ್ರ ಬಿಡಂಗಿಲ್ಲಣ್ಣ. ಒಬ್ಬಂವ ಕಾಲು ಹಿಡೀತಾನ, ಇನ್ನೊಬ್ಬಂವ ನಡ ಹಿಡೀತಾನ. ಒಬ್ಬರ ಕೈ ಒಬ್ಬರು ಬಿಡಂಗೇ ಇಲ್ಲ. ಮಸ್ತ್ ಆಡ್ತಾರ."

ಅಣ್ಣ ತಲೆಯಾಡಿಸಿದ. ಇಬ್ಬರೂ ಭೀಮಾ ನದಿಯಲ್ಲಿ ಮಂದಿ ದಾಟಿಸುವವರು, ಹುಟ್ಟು ಹಾಕಿ ಹಾಕಿ ತೋಳು ಕಬ್ಬಿಣ ಆಗಿವೆ ಎಂದು ನಾನೇ ಮುಂದುವರಿಸಿದೆ. ಬಸ್ಸು ಬರುವವರೆಗೂ ಅವರನ್ನೇ ಹೊಗಳಿದೆ. ಎಂಥ ಶಾಣ್ಯಾ ನಾನು, ನೋಡಿ.

ಆಯ್ಕೆ ನಡೆಯುತ್ತಿದ್ದುದು ಜೇವರ್ಗಿಯಲ್ಲಿ ದನದ ಸಂತೆ ಕೂಡುವ ಬಯಲಿನಲ್ಲಿ. ಸಂತೆಯಿಲ್ಲದ ದಿನ ಅದು ಖಾಲಿ. ಗೂಟಗಳು, ಒಣಗಿದ ಸಗಣಿ, ಎರಡು ಬೇವಿನ ಮರ. ನಾವು ಬಿಡಿ ಆಳುಗಳು ನೆರಳಿಗೆ ಸಾಲಾಗಿ ಕೂತಿದ್ದೆವು. ಎದುರಿಗೆ ಮುಖಂಡರು. ನಡುವೆ ಖುರ್ಚಿಯಲ್ಲಿ ಒಬ್ಬ ನಿವೃತ್ತ ಡ್ರಿಲ್ ಮಾಸ್ತರು, ಎಲ್ಲದಕ್ಕೂ ಅವರದೇ ಕೊನೆಯ ಮಾತು. ದನದ ಬಯಲಿನಲ್ಲಿ ಮನುಷ್ಯರನ್ನು ಆರಿಸುತ್ತೀರಲ್ಲ, ಹಲ್ಲೂ ಎಣಿಸಿಬಿಡ್ರಿ ಎಂದು ಪ್ರತಿವರ್ಷ ಯಾರಾದರೂ ಚೇಷ್ಟೆ ಮಾಡುತ್ತಿದ್ದರಂತೆ. ಆ ವರ್ಷ ನಾನೇ ಮಾಡಿದೆ. ಅಷ್ಟು ಹಗುರಾಗಿತ್ತು ನನ್ನ ಮನಸ್ಸು.

ಮಾಸ್ತರು ಶುರು ಮಾಡುವ ಮುಂಚೆ ಹರಿಗೋಲಿನ ಅಣ್ಣತಮ್ಮಂದಿರು ಎದ್ದು ನಿಂತರು. ದೊಡ್ಡವನು ಕೈಮುಗಿದು ಹೇಳಿದ, "ನಮ್ಮಿಬ್ಬರನ್ನ ಬ್ಯಾರೆ ಮಾಡಬ್ಯಾಡ್ರಿ. ತಗೊಂಡ್ರ ಕೂಡೇ ತಗೋರಿ. ಇಲ್ಲಂದ್ರ ಹೊಳಿಗೆ ವಾಪಸ್ ಹೋಗ್ತೇವ್ರಿ."

"ಯಾಕ್ರಪಾ, ನೀವಿಬ್ಬರು ಲಗ್ನ ಆಗೀರೇನು?" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ, ಕೂತರು. ತಂಡಕ್ಕೆ ಒಂದೇ ಕೂಗು ಇರುವಾಗ ಇಬ್ಬರನ್ನು ಒಟ್ಟಿಗೆ ತೆಗೆದುಕೊಳ್ಳುವುದು ಯಾರಿಗೆ ಸಾಧ್ಯ? ಒಬ್ಬರಿಗೆ ಮಾತ್ರ ಸಾಧ್ಯವಿತ್ತು. ಭೂಸನೂರ ಕಡೆಯ ಕಬ್ಬಿನ ತಂಡದವರಿಗೆ. ಪಕ್ಕದ ಹಳ್ಳಿಯ ತಂಡ ಒಡೆದು ಆ ವರ್ಷ ಅವರೊಳಗೆ ಸೇರಿಕೊಂಡಿದ್ದರಿಂದ ಅವರ ಕೈಯಲ್ಲಿ ಮೂರನೆಯ ಕೂಗೂ ಇತ್ತು, ನಾಲ್ಕನೆಯದೂ ಇತ್ತು. ಆದರೆ ಅವರಲ್ಲಿ ಹಿಡಿಯುವವರಿಗೆ ಬರವಿರಲಿಲ್ಲ. ಕಬ್ಬು ಕಡಿಯುವ ಗಟ್ಟಿ ಆಳುಗಳು. ಅವರಿಗೆ ಇಲ್ಲದಿದ್ದುದು ಮುಟ್ಟಿ ಬರುವವನು.

ಮಾಸ್ತರು, "ಮೊದಲ ಕೂಗು ಸರಸಂಬಾದ್ದು" ಎಂದರು. ಅಣ್ಣ ಎದ್ದ. ನಾನೂ ಅರ್ಧ ಎದ್ದುಬಿಟ್ಟೆ. ವಲ್ಲಿ ಹೆಗಲಿಗೆ ಬೀಳುವ ತನಕ ಏಳಬಾರದು ಎಂಬುದು ರಿವಾಜು. ಪಕ್ಕದವನು ನನ್ನ ಧೋತರ ಹಿಡಿದು ಜಗ್ಗಿ, "ಕುಂದ್ರಲೇ, ಗಡಿಬಿಡಿ ಎಲ್ಲಿಗೆ?" ಎಂದ.

ಆಗ ಕಬ್ಬಿನ ತಂಡದ ಮುಖಂಡ ಕೈ ಎತ್ತಿದ. "ಮಾಸ್ತರ್ರೇ, ತುಸು ತಡೀರಿ. ಸರಸಂಬಾದವ್ರ ಕೂಡ ಒಂದು ಮಾತದ."

ಇದಕ್ಕೂ ಅಲ್ಲಿ ಒಂದು ಪದ್ಧತಿ ಇತ್ತು. ದನದ ಸಂತೆಯಲ್ಲಿ ದಲ್ಲಾಲರು ವ್ಯಾಪಾರ ಬಾಯಿಂದ ಮಾಡುವುದಿಲ್ಲ. ಇಬ್ಬರೂ ಕೈ ಕೈ ಹಿಡಿದು, ಮೇಲೆ ವಲ್ಲಿ ಮುಚ್ಚಿ, ಒಳಗೆ ಬೆರಳು ಒತ್ತಿ ದರ ಹೇಳುತ್ತಾರೆ, ಒಪ್ಪಿದರೆ ಬೆರಳು ಮಡಚುತ್ತಾರೆ. ಸುತ್ತಲಿನವರಿಗೆ ತಿಳಿಯಬಾರದು ಎಂದು. ಅದೇ ಬಯಲಿನ ಗಾಳಿ ಇವರಿಗೂ ಬಡಿದಿತ್ತು. ಕೂಗು ಅದಲುಬದಲು ಮಾಡುವುದಿದ್ದರೆ ಮುಖಂಡರು ಬೇವಿನ ಮರದ ಆ ಕಡೆ ಹೋಗಿ ವಲ್ಲಿಯ ಕೆಳಗೇ ಮಾತಾಡಬೇಕು. ಕೂತ ಹುಡುಗರ ಎದುರಿಗೆ ಯಾರಿಗೆ ಎಷ್ಟು ಬೆಲೆ ಎಂದು ಬಾಯಿಬಿಟ್ಟು ಹೇಳುವುದು ಸರಿಯಲ್ಲ ಎಂಬುದು ಅವರ ಮರ್ಯಾದೆ. ಒಳ್ಳೆಯ ಮರ್ಯಾದೆ!

ಅಣ್ಣ ಹೋದ. ಕಬ್ಬಿನವನು ತನ್ನ ವಲ್ಲಿ ಹೊದಿಸಿದ. ನನ್ನ ಪಕ್ಕ ಕೂತಿದ್ದವನು ದನದ ವ್ಯಾಪಾರದ ಮನೆಯವನು. ಅವನಿಗೆ ಮೊಣಕೈ ಅಲುಗುವುದನ್ನು ನೋಡಿದರೇ ಸಾಕು, ಒಳಗಿನದು ತಿಳಿಯುತ್ತಿತ್ತು.

"ಒಂದು ಕೇಳಾಕತ್ತಾನ" ಎಂದು ಪಿಸುಗುಟ್ಟಿದ. ಸ್ವಲ್ಪ ಹೊತ್ತಿನ ಮೇಲೆ, "ತನ್ನ ಎರಡೂ ಕೂಗು ಕೊಡ್ತೇನಿ ಅನ್ನಾಕತ್ತಾನ."

"ಅಣ್ಣ ಏನಂತಾನ?"

"ನಿಮ್ಮಣ್ಣ ಇನ್ನಾ ಬೆರಳು ಮಡಚಿಲ್ಲ."

ನನಗೆ ನಗು ಬಂತು. ಮಡಚುವುದಿಲ್ಲ ಎಂದು ಗೊತ್ತಿತ್ತು. ಅಣ್ಣ ನೆಲ ನೋಡುತ್ತ ನಿಂತಿದ್ದ. ಬಹಳ ಹೊತ್ತು ನಿಂತ. ಮಾಸ್ತರು ಕೆಮ್ಮಿದರು. ಒಮ್ಮೆ ಅಣ್ಣ ತಲೆ ಎತ್ತಿ ನಮ್ಮ ಸಾಲಿನ ಕಡೆ ನೋಡಿದ. ನಾನು ಅವನನ್ನೇ ನೋಡುತ್ತಿದ್ದೆ, ಅವನ ಕಣ್ಣು ನನ್ನ ಮೇಲೆ ಬಂತು, ಅಲ್ಲಿಂದ ಹಾಗೇ ಸರಿದು ಹರಿಗೋಲಿನವರ ಮೇಲೆ ಹೋಯಿತು. ಮರದಡಿ ವಲ್ಲಿ ಸರಿಯಿತು.

ಕಬ್ಬಿನ ತಂಡದ ಮುಖಂಡ ನಡೆದು ಬಂದ. ನನ್ನ ಎದುರಿಗೆ ನಿಂತು, ಅದೇ ವಲ್ಲಿಯನ್ನು ನನ್ನ ಹೆಗಲಿಗೆ ಹಾಕಿದ. ಅದು ಬೆಲ್ಲದ ಪಾಕ, ಬೆವರು ಎರಡೂ ನಾರುತ್ತಿತ್ತು. "ಏಳಪ್ಪಾ ಹುಲಿ" ಎಂದು ಬೆನ್ನು ತಟ್ಟಿದ. ಈಗ ಏಳಬೇಕಿತ್ತು, ನಾನು ಕೂತೇ ಇದ್ದೆ. ಎರಡನೆಯ ಕೂಗಿನವರು ಯಾರನ್ನು ಕರೆದರೋ ನಾನು ನೋಡಲೇ ಇಲ್ಲ. ಮೂರು, ನಾಲ್ಕು ಬಂದಾಗ ಅಣ್ಣ ತನ್ನ ವಲ್ಲಿಯ ಜೊತೆ ಇನ್ನೊಬ್ಬರ ವಲ್ಲಿಯನ್ನೂ ಇಸಿದುಕೊಂಡು ಹರಿಗೋಲಿನ ಇಬ್ಬರ ಹೆಗಲಿಗೂ ಹಾಕಿದ. ಇಬ್ಬರೂ ಅವನ ಕಾಲು ಮುಟ್ಟಿದರು. ನಮ್ಮನ್ನು ಅಗಲಿಸಲಿಲ್ಲ ಧಣಿ ಎಂದು ದೊಡ್ಡವನು ಅಳುತ್ತಿದ್ದ. ಒಡಹುಟ್ಟಿದವರನ್ನು ಅಗಲಿಸದಿರಲು ನಮ್ಮಣ್ಣನಷ್ಟು ಯೋಗ್ಯ ಮನುಷ್ಯ ಇನ್ಯಾರು ಸಿಗಬೇಕು!

ಅಂದು ನಾನು ಅವನ ಜೊತೆ ಮಾತಾಡಲಿಲ್ಲ. ಅವನೇ ಬಸ್ಸಿನ ಹತ್ತಿರ ಬಂದು, "ಉಂಡು ಹೋಗು, ಹೋಟೆಲ್‌ನ್ಯಾಗ ಭಜಿ ಬಿಸಿ ಅದಾವ" ಅಂದ. ಭಜಿ! ನಾನು ಮೋರೆ ತಿರುವಿದೆ. ನೆಲೋಗಿಗೆ ಬಂದು ಚಿಗವ್ವನಿಗೆ, "ಕಬ್ಬಿನವರು ತಗೊಂಡ್ರು" ಎಂದಷ್ಟೇ ಹೇಳಿದೆ. ಅವಳು, "ಚಲೋ ಆತು, ದೊಡ್ಡ ತಂಡ" ಎಂದಳು. ಆಮೇಲೆ ನನ್ನ ಮೋರೆ ನೋಡಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

ಪಂದ್ಯ ಆ ವರ್ಷ ಅಫಜಲಪುರ ತಾಲ್ಲೂಕಿನ ಒಂದು ಊರಿನಲ್ಲಿ, ಭೀಮಾ ದಂಡೆಗೆ ಹತ್ತಿರ. ಬಾಳೆಹಣ್ಣಿನ ತಂಡದ ಮೊದಲ ಪಂದ್ಯ ನೋಡಲು ಮಂದಿ ನಗಲಿಕ್ಕೆಂದೇ ಸೇರಿದ್ದರು. ನಗು ಬೇಗ ನಿಂತಿತು. ಎದುರಾಳಿಗಳಲ್ಲಿ ಯಾರು ನುಗ್ಗಿದರೂ ಹರಿಗೋಲಿನ ಇಬ್ಬರು ಎರಡು ಕಡೆಯಿಂದ ಬಾಗಿಲು ಹಾಕಿದ ಹಾಗೆ ಮುಚ್ಚಿಬಿಡುತ್ತಿದ್ದರು. ಅವರ ಮಗ್ಗುಲಲ್ಲಿ ನಿಂತ ಸರಸಂಬಾದ ಹುಡುಗರಿಗೂ ಧೈರ್ಯ ಬಂದು, ಹೆದರಿ ಹಿಂದೆ ಸರಿಯುತ್ತಿದ್ದವರು ಮುಂದೆ ಬಂದು ಹಿಡಿಯತೊಡಗಿದರು. ಗೆದ್ದರು. ನಾನು ಗೆರೆಯಾಚೆ ನಿಂತವನು ಎರಡೂ ಕೈ ಎತ್ತಿ ಕುಣಿದುಬಿಟ್ಟೆ. ನಮ್ಮ ಮುಖಂಡ ತಿರುಗಿ, "ಯಾರ ಕಡಿ ಅದೀಯಲೇ ನೀ?" ಎಂದು ಗದರಿಸಿದ. ಒಳ್ಳೆಯ ಪ್ರಶ್ನೆ. ಹುಟ್ಟಿದಾಗಿನಿಂದ ನನ್ನನ್ನು ಮಂದಿ ಅದೇ ಕೇಳುತ್ತ ಬಂದಿದ್ದರು.

ಸೆಮಿಫೈನಲ್ಲಿಗೆ ನಾವೂ ಅವರೂ ಎದುರಾದೆವು. ನಾನು ಚೆನ್ನಾಗಿಯೇ ಆಡಿದೆ, ಸಿಟ್ಟಿನಲ್ಲಿ ನನ್ನ ಆಟ ಯಾವಾಗಲೂ ಒಂದು ಕೈ ಮೇಲೆ. ಕೊನೆಗೆ ಅಂಕ ಸಮ ಆಗಿ, ಕೊನೆಯ ದಾಳಿ ನನ್ನದು ಉಳಿಯಿತು. ಉಸಿರು ಕಟ್ಟಿ, ಕಬಡ್ಡಿ ಕಬಡ್ಡಿ ಎನ್ನುತ್ತ ಹೋದೆ. ಒಬ್ಬನನ್ನು ಮುಟ್ಟಿ ಬಂದರೆ ಸಾಕಿತ್ತು. ಬಲಗಡೆ ಒಬ್ಬ ಎಳೆಯ ಹುಡುಗ ನಡುಗುತ್ತ ನಿಂತಿದ್ದ, ಕೈ ಚಾಚಿದರೆ ಸಿಗುತ್ತಿದ್ದ. ಆಗ ಅಣ್ಣ ನಡುವಿನಿಂದ ಎರಡು ಹೆಜ್ಜೆ ಮುಂದೆ ಬಂದು, ಕೈ ಇಳಿಬಿಟ್ಟು, ಎದೆ ಕೊಟ್ಟು ನನ್ನೆದುರು ನಿಂತ.

ಇಂದಿಗೂ ಕಣ್ಣಿಗೆ ಕಟ್ಟಿದೆ. ಆ ಹುಡುಗ ಮರೆತೇಹೋದ. ಅಂಕ ಮರೆತುಹೋಯಿತು. ಅಣ್ಣನನ್ನು ಮುಟ್ಟಬೇಕು, ಅವನನ್ನೇ ಅಂಕಣದ ಹೊರಗೆ ಕೂರಿಸಬೇಕು, ಅಷ್ಟೇ ತಲೆಯಲ್ಲಿ. ನುಗ್ಗಿ ಅವನ ಎದೆಗೆ ಅಂಗೈ ಒತ್ತಿದೆ. ತಿರುಗುವುದರೊಳಗೆ ಹರಿಗೋಲಿನವರು ಹಿಂದಿನಿಂದ ಮುಚ್ಚಿದರು. ಒಬ್ಬ ಕಾಲು, ಒಬ್ಬ ನಡ. ನಾನು ಎಳೆದುಕೊಂಡೇ ಹೋದೆ. ನಡುಗೆರೆ ಕೈಗೆ ಸಿಗುವಷ್ಟರಲ್ಲಿ ಅಣ್ಣನೂ ಮೇಲೆ ಬಿದ್ದ. ಬಾಯಲ್ಲಿ ಮಣ್ಣು ಹೋದರೂ ನಾನು ಕಬಡ್ಡಿ ಅನ್ನುವುದನ್ನು ಬಿಡಲಿಲ್ಲ. ಅಣ್ಣನ ಬಾಯಿ ನನ್ನ ಕಿವಿಯ ಹತ್ತಿರವೇ ಇತ್ತು. "ಉಸಿರು ಬಿಡೋ ತಮ್ಮಾ, ಸಾಕು" ಅಂದ, "ಉಸಿರು ಬಿಡು, ಎದಿ ನೋಯ್ತದ."

ಬಿಟ್ಟೆ. ಅವರು ಗೆದ್ದರು.

ಫೈನಲ್ಲಿನಲ್ಲಿ ಸೋತರೂ ಎರಡನೆಯ ಬಹುಮಾನ ಬಂತು, ಸರಸಂಬಾದಲ್ಲಿ ಅದೇ ದೊಡ್ಡ ಹಬ್ಬ. ಮರುದಿನ ಊಟಕ್ಕೆ ನನ್ನನ್ನೂ ಕರೆದರು. ಹೋಗಬಾರದೆಂದಿದ್ದೆ, ಹೆತ್ತವಳ ಮೋರೆ ನೆನಪಾಗಿ ಹೋದೆ. ನಮ್ಮ ಮನೆಯ ಪಡಸಾಲೆಯಲ್ಲಿ ಪಂಕ್ತಿ ಹಾಕಿದ್ದರು. ಅಣ್ಣ, ಅವನ ಮಗ್ಗುಲಿಗೆ ಹರಿಗೋಲಿನ ಇಬ್ಬರು, ಆಮೇಲೆ ತಂಡದ ಹುಡುಗರು. ನನಗೆ ಎದುರಿನ ಸಾಲಿನಲ್ಲಿ ಜಾಗ, ಬೇರೆ ಊರುಗಳಿಂದ ಬಂದ ಬೀಗರ ನಡುವೆ. ದೊಡ್ಡವ್ವ ಹೋಳಿಗೆ ಬಡಿಸುತ್ತ ಬಂದಳು. ನನ್ನ ಹತ್ತಿರ ಬಂದಾಗ ಒಂದು ಹೆಚ್ಚೇ ಹಾಕಿ, ತುಪ್ಪ ಸುರಿದು, "ನಾಚಬ್ಯಾಡ, ಬೇಕಂದ್ರ ಕೇಳು" ಅಂದಳು. ಬಂದವರಿಗೆಲ್ಲ ಅವಳು ಹಾಗೇ ಅನ್ನುತ್ತಿದ್ದಳು.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅಣ್ಣನೇ ತಂಬಿಗೆಯಿಂದ ನೀರು ಹಾಕಿದ. ಆಗ ಕೇಳಿದೆ, "ಯಾಕ ಹಂಗ ಮಾಡಿದಿ?"

ಅವನಿಗೆ ಸಂಕೋಚವೇನೂ ಆಗಲಿಲ್ಲ, ಹೊಲದ ಲೆಕ್ಕ ಹೇಳುವವನ ಹಾಗೆ ಹೇಳಿದ. "ನೋಡು, ನಮ್ಮಲ್ಲಿ ಹಿಡಿಯವ್ರು ಇಲ್ಲ. ನೀ ಹೋಗಿ ಇಬ್ಬರನ್ನ ಮುಟ್ಟಿ ಬಂದ್ರ, ಅವರು ಬಂದು ಮೂವರನ್ನ ಮುಟ್ಟಿ ಹೋಗ್ತಾರ. ನೀ ಒಬ್ಬಂವ ಎಷ್ಟು ಓಡಾಡ್ತಿ? ಈ ಹುಡುಗ್ರು ಎಷ್ಟು ವರ್ಷ ಮಂದಿ ಕಡಿಂದ ಬೈಸಿಕೊಂಡಾರ. ತಂಡ ನಂದೊಬ್ಬಂದು ಅಲ್ಲ. ನಿನ್ನ ತಗೊಂಡಿದ್ರ ಈ ಸಲಾನೂ ಸೋಲ್ತಿದ್ವಿ."

"ಸೋಲ್ತಿದ್ವಿ, ಹೌದು. ಕೂಡಿ ಸೋಲ್ತಿದ್ವಲ್ಲ!"

ಅಷ್ಟು ಜೋರಾಗಿ ಅಂದೆನೆಂದರೆ ಒಳಗಿನ ಮಾತು ನಿಂತವು. ಅಣ್ಣ ನನ್ನನ್ನು ನಿಜವಾಗಿ ಅರ್ಥವಾಗದವನ ಹಾಗೆ ನೋಡಿದ. ತಂಬಿಗೆಯ ನೀರು ಅವನ ಕಾಲ ಮೇಲೆ ಸುರಿಯುತ್ತಿತ್ತು. "ಸೋಲಾಕ ಯಾರರ ಕೂಡ್ತಾರೇನೋ ಹುಚ್ಚಾ" ಎಂದ ಕೊನೆಗೆ. ಅವನು ಹಂಗಿಸಲಿಲ್ಲ, ಅದು ನನಗೆ ಗೊತ್ತು. ಅವನ ತಲೆಯಲ್ಲಿ ಅಂಥ ಆಸೆಗೆ ಜಾಗವೇ ಇರಲಿಲ್ಲ.

ನನ್ನ ಸಂಕಟ ಏನೆಂದರೆ, ಅವನು ಹೇಳಿದ್ದು ಸರಿ. ಸುಳ್ಳಾಗಿದ್ದರೆ ಜಗಳ ಮಾಡಿ ಹಗುರಾಗುತ್ತಿದ್ದೆ. ಆಟ ಬಲ್ಲವರು ಯಾರೂ ಇಂದಿಗೂ ಅವನು ಮಾಡಿದ್ದು ತಪ್ಪು ಅನ್ನುವುದಿಲ್ಲ. ನನ್ನನ್ನು ಚಿಗವ್ವನಿಗೆ ಕೊಟ್ಟ ಹಿರಿಯರ ಫೈಸಲಾವೂ ಹಾಗೆಯೇ. ಅವಳ ಮನೆಯಲ್ಲಿ ದೀಪ ಹಚ್ಚುವವರಾದರು, ಇವರ ಮನೆಯಲ್ಲಿ ಹೊಲ ಎರಡು ಪಾಲಾಗುವುದು ತಪ್ಪಿತು. ಎರಡು ಸಲವೂ ಎಲ್ಲರಿಗೂ ಒಳ್ಳೆಯದೇ ಆಯಿತು. ಎರಡು ಸಲವೂ ಕೈ ಬದಲಾದದ್ದು ನಾನು.

ಮುಂದಿನ ವರ್ಷ ಅಣ್ಣನ ತಂಡಕ್ಕೆ ಮೊದಲ ಕೂಗು ಬರಲಿಲ್ಲ, ಗೆದ್ದವರ ಸಾಲಿನಲ್ಲಿ ಹಿಂದೆ ಹೋಗಿತ್ತು. ನನ್ನನ್ನು ಬೇರೆ ಯಾರೋ ಕರೆದರು. ಅದರ ಮುಂದಿನ ವರ್ಷಗಳಲ್ಲೂ ಹಾಗೇ. ಆಮೇಲೆ ಹುಡುಗರೆಲ್ಲ ಕ್ರಿಕೆಟ್ಟಿಗೆ ಬಿದ್ದರು, ಡ್ರಿಲ್ ಮಾಸ್ತರು ತೀರಿಕೊಂಡರು, ಪಂದ್ಯವೇ ನಿಂತಿತು. ನಾನೂ ಅಣ್ಣನೂ ಒಂದೇ ಕಡೆ ಒಂದು ದಿನವೂ ಆಡಲಿಲ್ಲ.

ಮಾತು ಬಿಟ್ಟಿರಲಿಲ್ಲ. ಮದುವೆ, ಮಕ್ಕಳ ತೊಟ್ಟಿಲು ಎಂದು ಹೋಗಿ ಬರುತ್ತಿದ್ದೆವು. ಹರಿಗೋಲಿನವರು ಅವನ ಮನೆಗೆ ನನಗಿಂತ ಹೆಚ್ಚು ಬರುತ್ತಿದ್ದರು. ತೊಂಬತ್ತರ ದಶಕ ಮುಗಿದ ಮೇಲೆ ಅಣ್ಣನಿಗೆ ಎದೆಯ ಬೇನೆ ಬಂತು. ಸೊಲ್ಲಾಪುರಕ್ಕೆ ಕರೆದುಕೊಂಡು ಹೋದರು, ಅಲ್ಲಿಯ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ರಿ ಅಂದರು. ಹಾಗೆ ಅಂದರೆ ಏನೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಸುದ್ದಿ ಕೇಳಿ ನಾನು ಸರಸಂಬಾಕ್ಕೆ ಹೋಗಿ ಅವನ ಹತ್ತಿರವೇ ಉಳಿದೆ. ಅದೇ ಅವನ ಕೊನೆಯ ವಾರ ಆಯಿತು.

ಒಂದು ಮಧ್ಯಾಹ್ನ ಅವನಿಗೆ ಗಂಜಿ ಕುಡಿಸುತ್ತಿದ್ದೆ. ಮೈ ಕರಗಿ ಹೋಗಿತ್ತು, ನಾನು ಅಂಗೈ ಒತ್ತಿದ್ದ ಆ ಎದೆಯಲ್ಲಿ ಎಲುಬು ಎದ್ದಿದ್ದವು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೇಳಬಾರದಿತ್ತೇನೋ. ಆದರೆ ನನ್ನ ಬಾಯಿಗೆ ಬೀಗ ಎಂದೂ ಇರಲಿಲ್ಲ.

"ಅಣ್ಣಾ, ಈಗ ನಿನ್ನ ಆ ದನದ ಬಯಲಾಗ ಮತ್ತ ನಿಲ್ಲಿಸಿ, ಮೊದಲ ಕೂಗು ನಿಂದು ಅಂದ್ರ, ಯಾರನ್ನ ಕರೀತಿ?"

ಅವನು ಕಣ್ಣು ಮುಚ್ಚಿದ. ನಿದ್ದೆ ಹೋದನೇನೋ ಅಂದುಕೊಂಡೆ. ಇಲ್ಲ, ಯೋಚಿಸುತ್ತಿದ್ದ. ಹೊದಿಕೆಯ ಮೇಲೆ ಅವನ ಬೆರಳುಗಳು ಒಂದೊಂದಾಗಿ ಮಡಚುತ್ತಿದ್ದವು. ತಂಡದವರನ್ನು ಎಣಿಸುತ್ತಿದ್ದ. ನಾನು ಚಮಚ ಹಿಡಿದುಕೊಂಡು ಕಾದೆ. ನನ್ನ ಹೆಸರು ಹೇಳು ಅಣ್ಣಾ, ಸುಳ್ಳಾದರೂ ಸರಿ, ನಾಳೆ ನಾಡಿದ್ದು ಹೋಗುವವನು, ಹೇಳಿದರೆ ನಿನ್ನ ಗಂಟೇನು ಹೋಗುತ್ತದೆ ಎಂದು ಒಳಗೊಳಗೇ ಬೇಡಿಕೊಂಡೆ.

ಕಣ್ಣು ತೆರೆದು ಕೇಳಿದ, "ಆ ಹರಿಗೋಲಿನ ಇಬ್ಬರೂ ಅಲ್ಲೇ ಕೂತಾರೇನು?"

ಇಲ್ಲ ಅನ್ನಬಹುದಿತ್ತು. ಅವನೆದುರಿಗೆ ಸುಳ್ಳು ನನ್ನ ಬಾಯಿಂದಲೂ ಹೊರಡಲಿಲ್ಲ. "ಕೂತಾರ" ಅಂದೆ.

"ಹಂಗಾರ ಅವರನ್ನೇ" ಅಂದ.

ನಾನು ಗಂಜಿಯ ಬಟ್ಟಲು ಕೆಳಗಿಟ್ಟು ಅತ್ತುಬಿಟ್ಟೆ. ಮೊಮ್ಮಕ್ಕಳಾಗುವ ವಯಸ್ಸಿನತ್ತ ಹೊರಟ ಗಂಡಸು, ಕೂಸಿನ ಹಾಗೆ ಅತ್ತೆ. ಅಣ್ಣ ಗಾಬರಿಯಾಗಿ, ಏಳಲು ನೋಡಿ ಆಗದೆ, ನನ್ನ ಮೊಣಕಾಲಿನ ಮೇಲೆ ಕೈ ಇಟ್ಟ.

"ಯಾಕ ಅಳ್ತೀಯೋ? ನೀ ಯಾರ ಕಡಿ ಹೋದ್ರೂ ಆಡ್ತಿ, ಎಲ್ಲಿ ಒಗದ್ರೂ ಬದುಕ್ತಿ. ಸಣ್ಣಾಂವ ಇದ್ದಾಗಿಂದ ನೋಡೇನಿ. ನಗಕೋತ ಬಸ್ ಹತ್ತಿದಾಂವ ನೀ." ಉಸಿರು ಸಾಲದೆ ತಡೆದು ತಡೆದು ಹೇಳಿದ. "ನಿನಗ ಯಾರೂ ಬೇಕಾಗಿಲ್ಲ."

ಅವನು ನನ್ನನ್ನು ಹೊಗಳುತ್ತಿದ್ದ. ಇಷ್ಟು ವರ್ಷ ಹಾಗೆಂದು ನಂಬಿಕೊಂಡೇ ಇದ್ದನಲ್ಲ ಎಂದು ನನ್ನ ಎದೆ ಒಡೆಯಿತು. ಕಣ್ಣೊರೆಸಿಕೊಂಡು, ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದೆ.

"ಬೇಕಾಗಿತ್ತಣ್ಣಾ" ಅಂದೆ. "ನನಗ ನೀ ಬೇಕಾಗಿದ್ದಿ."

ಅಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತ್ತು.